ಹಬ್ಬದ ರೋಸ್ಟು: ನಮ್ಮ ಸೀಮೆಯ ಕ್ರೈಸ್ತರ ಹಬ್ಬದೂಟದ ಪೂರ್ವೋತ್ತರ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದೇವಾಲಯಕ್ಕೆ ಅಸ್ತಿಭಾರ ಹಾಕಿದವರು ಯಾರು, ಗಂಟೆ ಎಲ್ಲಿಂದ ಬಂದಿತು, ಪೀಠವನ್ನು ಮಾಡಿಸಿಕೊಟ್ಟ ದಾನಿಗಳು ಯಾರು ಎಂಬ ಸಂಗತಿಗಳನ್ನು ಬರೆಯುವುದು ವಾಡಿಕೆ. ಈ ಸಂಚಿಕೆಯಲ್ಲಿಯೂ ಅಂತಹ ಲೇಖನಗಳಿವೆ. ಬಲ್ಲವರೇ ಅವುಗಳನ್ನು ಬರೆದಿದ್ದಾರೆ. ಸಂಪಾದಕ ಮಂಡಳಿಯವರು ನಮ್ಮಿಂದಲೂ ಒಂದು ಚಾರಿತ್ರಿಕ ಲೇಖನವನ್ನು ಅಪೇಕ್ಷಿಸಿದಾಗ, ಕ್ರಿಸ್ತಜಯಂತಿಯ ದಿನ ನಮ್ಮ ಮನೆಗಳಲ್ಲಿ ಬೇಯುವ ದೊಡ್ಡ ಮಾಂಸದ ರೋಸ್ಟಿನ ಬಗ್ಗೆ ಬರೆಯುತ್ತೇವೆ ಎಂದೆವು. ಕೆಲವರು ನಕ್ಕರು, ಒಬ್ಬಿಬ್ಬರು ಹುಬ್ಬು ಗಂಟಿಕ್ಕಿದರು. ನಂದಿಬೆಟ್ಟದ ನೆರಳಿನಲ್ಲಿ ಕುಳಿತು ಈ ವಿಷಯವನ್ನು ಎತ್ತುವುದು ವಿವೇಕವೇ ಎಂದು ಕೇಳಿದವರೂ ಉಂಟು. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ನೂರು ವರ್ಷ ಒಂದು ಜನಸಮುದಾಯ ಹಬ್ಬದ ದಿನ ಏನನ್ನು ಉಂಡಿತು, ಅದನ್ನು ಯಾರಿಂದ ಕಲಿಯಿತು, ಯಾರ ಕಣ್ಣಿಗೆ ಬೀಳದಂತೆ ಬೇಯಿಸಿತು ಎಂಬುದನ್ನು ಬಿಟ್ಟು ಅದರ ಚರಿತ್ರೆಯನ್ನು ಬರೆದರೆ, ಅದು ಕಲ್ಲುಗಾರೆಯ ಚರಿತ್ರೆ ಆದೀತೇ ಹೊರತು ಜನರದಾಗದು.

ಮೊದಲಿಗೆ ಒಂದು ವಿಚಿತ್ರವನ್ನು ಹೇಳಬೇಕು. ಈ ಸೀಮೆಗೆ ಶುಭಸಂದೇಶವನ್ನು ತಂದವರು ಮಾಂಸವನ್ನು ಮುಟ್ಟದವರು.

1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ಗುರು ರಾಬರ್ಟ್ ಡಿ ನೊಬಿಲಿಯವರು ಒಂದು ಸಂಗತಿಯನ್ನು ಬೇಗನೆ ಕಂಡುಕೊಂಡರು. ನಮ್ಮ ಜನ ಕ್ರೈಸ್ತಧರ್ಮವನ್ನು ದೂರವಿಟ್ಟದ್ದು ಅದರ ಬೋಧನೆಯ ಕಾರಣದಿಂದಲ್ಲ. ಅದನ್ನು ತಂದ ಪರಂಗಿಯವರು ದನದ ಮಾಂಸ ತಿನ್ನುತ್ತಾರೆ, ಮದ್ಯ ಕುಡಿಯುತ್ತಾರೆ, ಸ್ನಾನ ಶೌಚಗಳನ್ನು ಅರಿಯರು ಎಂಬ ಹೇವರಿಕೆಯಿಂದ. ಆದ್ದರಿಂದ ಅವರು ಕಾವಿಯುಟ್ಟು, ಮಾಂಸ ಮದ್ಯಗಳನ್ನು ತ್ಯಜಿಸಿ, ದಿನಕ್ಕೆ ಒಂದೇ ಹೊತ್ತು ಅನ್ನ ಸೊಪ್ಪುಗಳನ್ನು ಉಂಡು ಸನ್ಯಾಸಿಯಂತೆ ಬಾಳಿದರು. ಇದರ ಮೇಲೆ ದೊಡ್ಡ ವಾಗ್ವಾದವೇ ನಡೆದು, 1623ರಲ್ಲಿ ಜಗದ್ಗುರು ಹದಿನೈದನೆಯ ಗ್ರೆಗರಿಯವರು ಅವರ ಮಾರ್ಗಕ್ಕೆ ಬಹುಮಟ್ಟಿಗೆ ಸಮ್ಮತಿಯಿತ್ತರು. ಆ ಶತಮಾನದ ನಡುವೆ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ಡೊ ಚಿನ್ನಮಿಯವರು ಮೈಸೂರು ಸೀಮೆಯಲ್ಲಿ ಅದೇ ಹಾದಿಯನ್ನು ಹಿಡಿದರು. 18ನೆಯ ಶತಮಾನದ ಮೊದಲ ದಶಕಗಳಲ್ಲಿ ಪುದುಚೇರಿಯಿಂದ ಹೊರಟ ಫ್ರೆಂಚ್ ಯೇಸುಸಭೆಯ ಗುರುಗಳು ತಮ್ಮ ‘ಕರ್ನಾಟಕ ಮಿಷನ್’ ಕೆಲಸಕ್ಕಾಗಿ ಈ ಕಡೆಗೆ ಬಂದು ಚಿಕ್ಕಬಳ್ಳಾಪುರದಲ್ಲಿ ನೆಲೆ ಮಾಡಿಕೊಂಡರು. ಅವರಲ್ಲಿ ಫಾದರ್ ಲೆ ಗ್ಯಾಕ್ ಎಂಬುವರು ಇಲ್ಲಿಂದ ಸ್ವದೇಶಕ್ಕೆ ಬರೆದ ಪತ್ರಗಳು ಅಚ್ಚಾಗಿವೆ. ನಮ್ಮ ಊರಿನ ಹೆಸರು ಅವುಗಳಲ್ಲಿ ಫ್ರೆಂಚ್ ನಾಲಿಗೆಗೆ ಸಿಕ್ಕಿ ‘ಚಿನ್ನಬಳ್ಳಾಬರಂ’ ಎಂದಾಗಿದೆ. ಈ ಗುರುಗಳೂ ರೋಮಾಪುರಿಯ ಸನ್ಯಾಸಿಗಳೆಂದೇ ಹೇಳಿಕೊಂಡರು. ಮಾಂಸ, ಮೀನು, ಮೊಟ್ಟೆಗಳನ್ನು ಬಿಟ್ಟಿದ್ದರು. ಫ್ರಾನ್ಸ್ ದೇಶದಲ್ಲಿ ಹುಟ್ಟಿ ಬೆಳೆದವನು ನಂದಿದುರ್ಗದ ತಪ್ಪಲಲ್ಲಿ ಕುಳಿತು, ಕ್ರಿಸ್ತಜಯಂತಿಯ ದಿನವೂ ಸೊಪ್ಪಿನ ಸಾರಿಗೆ ಕೈಯಿಕ್ಕುವುದೆಂದರೆ ಸಾಮಾನ್ಯ ತ್ಯಾಗವಲ್ಲ.

ಹಾಗಾದರೆ ದನದ ಮಾಂಸ ನಮ್ಮ ಹಬ್ಬದ ಎಲೆಗೆ ಬಂದದ್ದು ಯಾವ ದಾರಿಯಿಂದ? ಅದು ಎರಡು ದಾರಿಗಳಿಂದ ಬಂದಿತೆಂದು ನಮ್ಮ ಅಭಿಪ್ರಾಯ. ಮೊದಲನೆಯದು ಊರ ಹೊರಗಿನ ಕೇರಿಯ ದಾರಿ, ಎರಡನೆಯದು ದಂಡಿನ ದಾರಿ.

ಕೇರಿಯ ದಾರಿ ಬಹಳ ಹಳೆಯದು. ಸತ್ತ ದನವನ್ನು ಊರಿನಿಂದ ಎಳೆದೊಯ್ಯುವ ಚಾಕರಿಯನ್ನು ಹಳೆಯ ಗ್ರಾಮವ್ಯವಸ್ಥೆ ಕೆಲವು ಜಾತಿಗಳ ತಲೆಗೆ ಕಟ್ಟಿತ್ತು. ಅದರ ತೊಗಲು ಮಾಂಸಗಳೇ ಆ ಚಾಕರಿಗೆ ಸಂಬಳ. ತಿಂದರೆಂದು ಹೊಲೆಯೆಂದರು, ಹೊಲೆಯೆಂದು ಬೇರೇನನ್ನೂ ಕೊಡಲಿಲ್ಲ. ಒಂದೇ ದಿನದಲ್ಲಿ ತಿಂದು ಮುಗಿಸಲಾಗದ ಮಾಂಸವನ್ನು ಉದ್ದುದ್ದಕ್ಕೆ ಸೀಳಿ, ಉಪ್ಪು ಹಚ್ಚಿ, ಹಗ್ಗದ ಮೇಲೆ ಬಿಸಿಲಿಗೆ ಒಣಗಿಸಿ ‘ಕೊರಬಾಡು’ ಮಾಡಿ ಮಡಕೆಯಲ್ಲಿ ಇಡುತ್ತಿದ್ದರು. ಮಳೆಗಾಲದ ಹಸಿವಿಗೆ ಅದೇ ಆಸರೆ. ನಮ್ಮ ಹಳ್ಳಿಗಳ ಮೊದಲ ಕ್ರೈಸ್ತರಲ್ಲಿ ಅನೇಕರು ಈ ಕೇರಿಗಳಿಂದಲೇ ಬಂದವರು ಎಂಬುದನ್ನು ಮರೆಮಾಚುವ ಅಗತ್ಯ ನಮಗೆ ಕಾಣುವುದಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಅಳಿದುಹೋಯಿತು. ಕೋಲಾರ ಸೀಮೆಗೆ ಬಿದ್ದ ಪೆಟ್ಟು ಬಲವಾದದ್ದು. ಮೇವಿಲ್ಲದೆ ಸಾಯುತ್ತಿದ್ದ ದನಗಳನ್ನು ಯಾವ ಜಾತಿಯವರು ತಿಂದರು, ಯಾರು ತಿನ್ನಲಿಲ್ಲ ಎಂದು ವಿಚಾರಿಸುವ ಧೈರ್ಯ ಆ ವರ್ಷಗಳಲ್ಲಿ ಯಾರಿಗೂ ಇದ್ದಿರಲಾರದು.

ಈ ಕೇರಿಯ ಬಾಡಿಗೆ ನಾಲ್ಕು ಹೆಸರುಗಳಿದ್ದವು, ಈಗಲೂ ಇವೆ. ನಮ್ಮದು ನಾಲ್ಕು ಭಾಷೆಗಳು ಕೂಡುವ ಸೀಮೆ. ತೆಲುಗಿನವರು ‘ಪೆದ್ದ ಕೂರ’ ಎನ್ನುತ್ತಾರೆ, ಉರ್ದುವಿನವರು ‘ಬಡೆ ಕಾ ಗೋಷ್ಟ್’ ಎನ್ನುತ್ತಾರೆ, ಕನ್ನಡದವರು ‘ದೊಡ್ಡದು’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ, ದಂಡಿನಿಂದ ಬಂದ ತಮಿಳಿನವರು ‘ಬೀಫ್’ ಎಂಬ ಇಂಗ್ಲಿಷ್ ಮಾತನ್ನೇ ಉಳಿಸಿಕೊಂಡಿದ್ದಾರೆ. ಪ್ರಾಣಿಯ ಹೆಸರನ್ನು ಯಾರೂ ಹೇಳುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಹೆಸರಿಸದೆ ತಿನ್ನುವುದರಲ್ಲಿ ನೆರೆಯವರ ಮನಸ್ಸಿನ ಬಗ್ಗೆ ಒಂದು ಬಗೆಯ ಅಂಜಿಕೆಯೂ ಇದೆ, ಒಂದು ಬಗೆಯ ಮರ್ಯಾದೆಯೂ ಇದೆ.

ಇನ್ನು ದಂಡಿನ ದಾರಿ. 1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡುಪ್ರದೇಶ ನೆಲೆಗೊಂಡಿತು. ಗೋರಾ ಸಿಪಾಯಿಗೆ ದಿನಕ್ಕೆ ಒಂದು ಪೌಂಡು ಮಾಂಸ ಪಡಿಯಾಗಿ ಸಲ್ಲಬೇಕಿತ್ತು. ಆ ಮಾಂಸವನ್ನು ಒದಗಿಸಲು ಕಸಾಯಿಗಳು ಬಂದರು. ಅದನ್ನು ಬೇಯಿಸಲು ಬಟ್ಲರುಗಳೂ ಕುಸಿನಿಯವರೂ ಬಂದರು. ಇವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ ಕಡೆಗಳ ತಮಿಳರು. ಎಷ್ಟೋ ಜನ ಕಥೋಲಿಕರು. ದೊರೆಗಳ ಬಂಗಲೆಗಳಲ್ಲಿ ಅವರು ಕಲಿತ ವಿದ್ಯೆ ಅವರೊಡನೆಯೇ ಸುತ್ತಮುತ್ತಲ ಊರುಗಳಿಗೆ ಹರಡಿತು. 1834ರಿಂದ 1861ರವರೆಗೆ ಮೈಸೂರಿನ ಆಡಳಿತ ನಡೆಸಿದ ಕಬ್ಬನ್ ಸಾಹೇಬರು ಬೇಸಿಗೆಯನ್ನು ಕಳೆಯುತ್ತಿದ್ದುದು ನಂದಿಬೆಟ್ಟದ ಮೇಲಿನ ಬಂಗಲೆಯಲ್ಲಿ. ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನಿಗೆ ಎದುರಾಗಿ ಕಲ್ಲಿನ ಬಸವ ಮಲಗಿದ್ದಾನೆ. ನೆತ್ತಿಯ ಮೇಲೆ ದೊರೆಗಳ ಕುಸಿನಿ ಹೊಗೆಯಾಡುತ್ತಿತ್ತು. 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗಳು ಬೆಳೆದ ಮೇಲೆ ಪೂರ್ವದ ಕಡೆಯಿಂದಲೂ ಇದೇ ಪ್ರಭಾವ ಬಂದಿತು. ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಕ್ರಿಸ್ತಜಯಂತಿಯೆಂದರೆ ಕೇಕು, ದ್ರಾಕ್ಷಾರಸ, ರೋಸ್ಟು. ಚಿಂತಾಮಣಿಯ ಕಡೆಯವರು ಗಣಿಗೆ ಕೂಲಿಗೆ ಹೋಗಿ ಹಬ್ಬಕ್ಕೆ ಊರಿಗೆ ಬಂದಾಗ ಸಂಬಳದೊಡನೆ ಈ ರುಚಿಯನ್ನೂ ತಂದರು. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಚಿಕ್ಕಬಳ್ಳಾಪುರಕ್ಕೆ ಚಿಕ್ಕ ರೈಲು ಬಂದ ಮೇಲಂತೂ ದಂಡಿನ ಮಾರುಕಟ್ಟೆ ನಮ್ಮವರಿಗೆ ಒಂದು ಹಗಲಿನ ಪ್ರಯಾಣವಾಯಿತು.

ಪ್ಯಾರಿಸ್ ಮಿಷನ್ನಿನ ಗುರುಗಳನ್ನು ಇಲ್ಲಿ ಮರೆಯುವಂತಿಲ್ಲ. 1773ರಲ್ಲಿ ಯೇಸುಸಭೆಯು ವಿಸರ್ಜನೆಯಾದ ಬಳಿಕ ಈ ಪ್ರದೇಶದ ಹೊಣೆ ಅವರಿಗೆ ಬಂದಿತು. ಅವರಲ್ಲಿ ಮೊದಲಿಗರಾದ ಅಬ್ಬೆ ದುಬ್ವಾ ಅವರು ಇನ್ನೂ ಹಳೆಯ ಸನ್ಯಾಸಿಗಳ ಮಾದರಿಯಲ್ಲಿ ದೇಶೀಯ ಉಡುಪು, ದೇಶೀಯ ನಡಾವಳಿಗಳನ್ನು ಅನುಸರಿಸಿದರು. ಆದರೆ 19ನೆಯ ಶತಮಾನದ ಕೊನೆಗೆ ಬಿಳಿಯ ನಿಲುವಂಗಿ, ಉದ್ದ ಗಡ್ಡದ ಫ್ರೆಂಚ್ ಸ್ವಾಮಿಗಳ ಗುರುಮನೆಗಳಲ್ಲಿ ಒಂದೊಂದು ಕುಸಿನಿಯೂ ಕುಸಿನಿಯವನೂ ಇರುತ್ತಿದ್ದುದು ಸಾಮಾನ್ಯವಾಯಿತು. ಇಂಗ್ಲಿಷರು ಮಾಂಸವನ್ನು ಬೆಂಕಿಯ ಮುಂದೆ ತಿರುಗಿಸಿ ಸುಡುವುದರಲ್ಲಿ ನಿಪುಣರು. ಆ ಕಾರಣಕ್ಕೆ ಫ್ರೆಂಚರು ಅವರಿಗೆ ‘ರೋಸ್‌ಬಿಫ್’ ಎಂದೇ ಅಡ್ಡಹೆಸರಿಟ್ಟಿದ್ದಾರೆ. ಫ್ರೆಂಚರಾದರೋ ಗಟ್ಟಿ ಮಾಂಸವನ್ನು ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಬೇಯಿಸುವವರು. ನಮ್ಮ ಮನೆಗಳ ರೋಸ್ಟನ್ನು ನೋಡಿದರೆ ಹೆಸರು ಇಂಗ್ಲಿಷರದು, ವಿಧಾನ ಫ್ರೆಂಚರಿಗೆ ಹತ್ತಿರ, ಖಾರ ಮಾತ್ರ ನಮ್ಮದು.

ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಹಿರಿಯ ತಾಯಂದಿರ ಕಾಲ ಮುಗಿಯುತ್ತಿದೆ, ಬರೆದಿಡುವವರು ಕಡಿಮೆ.

ಕಸಾಯಿಯವನಿಗೆ ಹಬ್ಬಕ್ಕೆ ವಾರ ಮೊದಲೇ ಹೇಳಿಡಬೇಕು. ಹಿಂದಿನ ತೊಡೆಯಿಂದ ಎಲುಬಿಲ್ಲದ ಒಂದೇ ಗಡ್ಡೆ, ಎರಡರಿಂದ ಮೂರು ಕಿಲೋ. ಬೆನ್ನಿನ ಒಳಭಾಗದ ‘ಅಂಡರ್‌ಕಟ್’ ಮೃದುವಾದದ್ದಾದರೂ ಬೆಲೆ ಹೆಚ್ಚು, ಗಾತ್ರ ಕಡಿಮೆ. ದೊಡ್ಡ ಸಂಸಾರಕ್ಕೆ ಸಾಲದು. ಇಲ್ಲಿ ಸಿಗುತ್ತಿದ್ದುದು ಬಹುಪಾಲು ದುಡಿದು ಮುದಿಯಾದ ಎತ್ತು ಅಥವಾ ಎಮ್ಮೆ ಕೋಣಗಳ ಮಾಂಸ. ಅದು ಕಪ್ಪಗೆ, ಕೊಬ್ಬು ಕಡಿಮೆಯಾಗಿ, ನಾರುನಾರಾಗಿ ಇರುತ್ತದೆ. ಯುರೋಪಿನ ಕೊಬ್ಬಿದ ಎಳೆಯ ಹೋರಿಯನ್ನು ಬೇಯಿಸುವಂತೆ ಇದನ್ನು ಬೇಯಿಸಿದರೆ ಚಪ್ಪಲಿಯ ಅಟ್ಟೆಯನ್ನು ಅಗಿದಂತಾಗುವುದು. ಆದ್ದರಿಂದ ನಮ್ಮ ತಾಯಂದಿರು ಗಡ್ಡೆಯನ್ನು ಮುಳ್ಳುಚಮಚದಿಂದಲೋ ದಬ್ಬಳದಿಂದಲೋ ಎಲ್ಲ ಕಡೆ ಚುಚ್ಚಿ, ಕಲ್ಲುಪ್ಪು, ಕುಟ್ಟಿದ ಮೆಣಸು, ಶುಂಠಿ ಬೆಳ್ಳುಳ್ಳಿಯ ಅರೆತ, ನಿಂಬೆಯ ರಸ ಇವುಗಳನ್ನು ತಿಕ್ಕಿ ಜಾಡಿಯಲ್ಲಿ ಇಡುತ್ತಿದ್ದರು. ನಿಂಬೆಯಿಲ್ಲದವರು ಹುಣಸೆಯ ಹುಳಿಯನ್ನೇ ಹಚ್ಚುತ್ತಿದ್ದರು. ನಮ್ಮ ಸೀಮೆಯಲ್ಲಿ ಹುಣಸೆಮರಕ್ಕೆ ಬರವಿಲ್ಲ. ಆಂಗ್ಲೋ ಇಂಡಿಯನ್ನರು ಚಿಟಿಕೆ ಪೆಟ್ಲುಪ್ಪನ್ನು ಸೇರಿಸಿ ಒಂದು ವಾರದವರೆಗೂ ನೆನೆಸಿ ‘ಸಾಲ್ಟ್ ಬೀಫ್’ ಮಾಡುವರು. ಆಗ ಮಾಂಸ ಬೆಂದ ಮೇಲೂ ಕೆಂಪಾಗಿಯೇ ಉಳಿಯುತ್ತದೆ. ಪೆಟ್ಲುಪ್ಪು ಅಳತೆ ಮೀರಿದರೆ ವಿಷ. ತಿಳಿಯದವರು ಅದರ ತಂಟೆಗೆ ಹೋಗದಿರುವುದೇ ಮೇಲು. ಮಾಂಸ ತೀರ ಗಡುಸಾಗಿದ್ದರೆ ಹಸಿಯ ಪರಂಗಿಕಾಯಿಯ ಅರೆತವನ್ನು ಹಚ್ಚುವುದುಂಟು. ಅದರ ಹಾಲಿನಲ್ಲಿರುವ ಸತ್ವ ಮಾಂಸದ ನಾರನ್ನು ಬಿಡಿಸುತ್ತದೆ. ಆದರೆ ಗಂಟೆ ಲೆಕ್ಕ ತಪ್ಪಿದರೆ ಹೊರಮೈ ಹಿಟ್ಟಾಗಿ ಒಳಗು ಹಾಗೆಯೇ ಉಳಿಯುವುದು.

ಹಬ್ಬದ ಹಿಂದಿನ ದಿನ ಗಡ್ಡೆಯನ್ನು ಹುರಿಯಿಂದ ಬಿಗಿದು ಕಟ್ಟಬೇಕು. ಕಲಾಯಿ ಹಾಕಿಸಿದ ದಪ್ಪ ತಳದ ಪಾತ್ರೆಯಲ್ಲಿ ನೆಣವನ್ನು ಕರಗಿಸಿ, ಒಂದು ಚಮಚೆ ಸಕ್ಕರೆಯನ್ನು ಅದರಲ್ಲಿ ಕಂದಿಸಿ, ಗಡ್ಡೆಯ ಎಲ್ಲ ಮಗ್ಗುಲುಗಳನ್ನೂ ಕೆಂಪಗಾಗುವಂತೆ ಹುರಿಯಬೇಕು. (ಸಕ್ಕರೆಗೂ ನಮ್ಮ ಊರಿಗೂ ಹಳೆಯ ನಂಟು. 1800ರಲ್ಲಿ ಈ ಕಡೆ ಪ್ರವಾಸ ಮಾಡಿದ ಬುಕಾನನ್ ಚಿಕ್ಕಬಳ್ಳಾಪುರದಲ್ಲಿ ತಯಾರಾಗುತ್ತಿದ್ದ ಸಕ್ಕರೆಯನ್ನು ವರ್ಣಿಸಿದ್ದಾನೆ.) ಆಮೇಲೆ ಇಡೀ ಒಣಮೆಣಸಿನಕಾಯಿ, ಕಾಳುಮೆಣಸು, ಚಕ್ಕೆ, ಲವಂಗ, ಎರಡು ಈರುಳ್ಳಿ, ಗಡ್ಡೆಯ ಅರ್ಧಕ್ಕೆ ಬರುವಷ್ಟು ಬಿಸಿನೀರು. ಪಾತ್ರೆಯ ಬಾಯಿಗೆ ಭಾರವಾದ ತಟ್ಟೆಯನ್ನು ಮುಚ್ಚಿ, ತಟ್ಟೆಯ ಮೇಲೆ ಕೆಂಡವನ್ನು ಹರಡಬೇಕು. ಮೇಲೂ ಕೆಂಡ, ಕೆಳಗೂ ಕೆಂಡ. ಭಟ್ಟಿಯಿಲ್ಲದ ಮನೆಗಳಿಗೆ ಇದೇ ಭಟ್ಟಿ. ಊರಿನ ಅಯ್ಯಂಗಾರ್ ಬೇಕರಿಯಲ್ಲಿ ಹಬ್ಬದ ಕೇಕು ಬೇಯಿಸಿಕೊಡಿ ಎಂದು ಕೇಳಬಹುದಿತ್ತು. ಇದನ್ನು ಕೇಳುವ ಹಾಗಿರಲಿಲ್ಲ.

ಎರಡು ಕಿಲೋ ಗಡ್ಡೆಗೆ ಮೂರು ಗಂಟೆ. ಕೋಣನದಾದರೆ ನಾಲ್ಕಾದರೂ ಆಶ್ಚರ್ಯವಿಲ್ಲ. ಕಾರಣವನ್ನು ಇಂದಿನ ವಿಜ್ಞಾನ ಹೇಳುತ್ತದೆ. ದುಡಿದ ಪ್ರಾಣಿಯ ಸ್ನಾಯುಗಳನ್ನು ಬಿಗಿದಿರುವ ‘ಕೊಲಾಜನ್’ ಎಂಬ ಪದಾರ್ಥ ಸುಮಾರು 70 ಡಿಗ್ರಿ ಶಾಖವನ್ನು ದಾಟಿದ ಮೇಲೆ, ಅದೂ ಗಂಟೆಗಟ್ಟಲೆ ಕಾದ ಮೇಲೆ, ನಿಧಾನವಾಗಿ ಕರಗಿ ಅಂಟಾಗುತ್ತದೆ. ಉರಿಯನ್ನು ಹೆಚ್ಚಿಸಿ ಅವಸರಪಡಿಸಿದರೆ ನೀರು ಇಂಗುವುದೇ ಹೊರತು ಮಾಂಸ ಮಣಿಯದು. ಹೊರಮೈಯ ಕಂದುಬಣ್ಣವೂ ಪರಿಮಳವೂ ಬರಬೇಕಾದರೆ 140 ಡಿಗ್ರಿಗೂ ಮೀರಿದ ಒಣ ಶಾಖ ಬೇಕು. ಆದ್ದರಿಂದಲೇ ಮೊದಲು ಹುರಿಯುವುದು, ಆಮೇಲೆ ಬೇಯಿಸುವುದು. ಪ್ರೆಷರ್ ಕುಕ್ಕರ್ ಮನೆಮನೆಗೆ ಬಂದ ಮೇಲೆ ಮೂರು ಗಂಟೆಯ ಕೆಲಸ ಒಂದಕ್ಕೆ ಇಳಿಯಿತು. ಹಳಬರು ಒಪ್ಪಲಿಲ್ಲ. ‘ಸೀಟಿ ಹೊಡೆದರೆ ಬೇಯುತ್ತೆ ಸ್ವಾಮಿ, ಆದ್ರೆ ರೋಸ್ಟ್ ಆಗಲ್ಲ’ ಎಂದು ಒಬ್ಬ ಅಜ್ಜಿ ನಮಗೆ ಹೇಳಿದ್ದುಂಟು. ಅವರ ಮಾತನ್ನು ನಾವು ಒಪ್ಪುತ್ತೇವೆ. ಕೊನೆಯ ಅರ್ಧ ಗಂಟೆಗೆ ಸಿಪ್ಪೆ ತೆಗೆದ ಇಡೀ ಆಲೂಗಡ್ಡೆಗಳನ್ನು ಅದೇ ನೆಣದಲ್ಲಿ ಬಿಡುವರು. ಚಿಕ್ಕಬಳ್ಳಾಪುರ ಕೋಲಾರಗಳ ಆಲೂಗಡ್ಡೆ ಹೆಸರುವಾಸಿಯಾದದ್ದು. ಬಿಳಿಯರ ಊಟದ ಮೇಜಿಗಾಗಿ ಬೆಳೆಯತೊಡಗಿದ ಗಡ್ಡೆ ಕಡೆಗೆ ನಮ್ಮ ರೈತರ ಹೊಟ್ಟೆಯನ್ನೇ ಹೊರೆಯಿತು.

ಇಷ್ಟೆಲ್ಲ ನಡೆಯುತ್ತಿದ್ದುದು ಉಪವಾಸದ ದಿನ ಎಂಬುದನ್ನು ಇಂದಿನ ಯುವಕರು ಅರಿಯರು. 1917ರ ಧರ್ಮಸಭೆಯ ಕಾನೂನಿನ ಪ್ರಕಾರ ಕ್ರಿಸ್ತಜಯಂತಿಯ ಹಿಂದಿನ ದಿನ ಒಂದೊತ್ತೂ ಹೌದು, ಶುದ್ಧಭೋಜನವೂ ಹೌದು. ಎಂದರೆ ಮಾಂಸದ ಹನಿಯೂ ನಾಲಿಗೆಗೆ ತಾಗಬಾರದು. ಮನೆಯೊಡತಿ ಹಗಲೆಲ್ಲ ಕೆಂಡದ ಮುಂದೆ ಕುಳಿತು, ಮನೆ ತುಂಬ ಘಮಘಮಿಸುವ ರೋಸ್ಟನ್ನು ಮಗುಚುತ್ತಾ, ಉಪ್ಪು ಸಾಕೋ ಸಾಲದೋ ಎಂದು ನೋಡಲೂ ಆಗದೆ ಕೈಯಳತೆಯನ್ನೇ ನಂಬಬೇಕು. ನಡುರಾತ್ರಿಯ ಬಲಿಪೂಜೆಯಲ್ಲಿ ಸತ್ಪ್ರಸಾದವನ್ನು ಸ್ವೀಕರಿಸುವವರು ನಡುರಾತ್ರಿಯಿಂದ ಹನಿ ನೀರನ್ನೂ ಕುಡಿಯುವಂತಿರಲಿಲ್ಲ. 1953ರಲ್ಲಿ ಜಗದ್ಗುರು ಹನ್ನೆರಡನೆಯ ಭಕ್ತಿನಾಥರು ನೀರಿನ ನಿರ್ಬಂಧವನ್ನು ತೆಗೆದರು. 1957ರಲ್ಲಿ ಅದು ಮೂರು ಗಂಟೆಯ ಉಪವಾಸವಾಯಿತು, 1964ರಲ್ಲಿ ಒಂದು ಗಂಟೆಗೆ ಇಳಿಯಿತು. 1966ರ ಬಳಿಕ ಹಿಂದಿನ ದಿನದ ಕಡ್ಡಾಯ ಉಪವಾಸವೂ ಹೋಯಿತು. ಈಗ ರೋಸ್ಟಿನ ಉಪ್ಪನ್ನು ಯಾರು ಬೇಕಾದರೂ ನೋಡಬಹುದು. ಉಪವಾಸವಿದ್ದಾಗ ಹಬ್ಬದ ಊಟಕ್ಕಿದ್ದ ರುಚಿ ಈಗಲೂ ಇದೆಯೇ ಎಂದು ಹಿರಿಯರನ್ನು ಕೇಳಿದರೆ ಅವರು ಉತ್ತರಿಸುವುದಿಲ್ಲ, ನಗುತ್ತಾರೆ.

ಕ್ರಿಸ್ತಜಯಂತಿಯು ಶುಕ್ರವಾರ ಬಂದರೆ ಮಾಂಸ ತಿನ್ನಬಹುದೇ ಎಂಬ ಸಂಶಯ ಆಗಾಗ ಏಳುವುದುಂಟು. ಧಾರಾಳವಾಗಿ ತಿನ್ನಬಹುದು. ಅಸಿಸಿಯ ಸಂತ ಫ್ರಾನ್ಸಿಸರಿಗೂ ಒಬ್ಬ ಸಹೋದರನು ಇದೇ ಪ್ರಶ್ನೆಯನ್ನು ಹಾಕಿದನಂತೆ. ಇಂತಹ ದಿನ ಗೋಡೆಗಳಿಗೂ ಮಾಂಸ ತಿನ್ನಿಸಬೇಕು, ಅವು ತಿನ್ನಲಾರವಾದರೆ ಮೈಗಾದರೂ ಸವರಬೇಕು ಎಂಬರ್ಥದ ಉತ್ತರವನ್ನು ಅವರು ಕೊಟ್ಟರೆಂದು ಅವರ ಚರಿತ್ರಕಾರರಾದ ಚೆಲಾನೊದ ಥಾಮಸರು ಬರೆದಿದ್ದಾರೆ. ಅದೇ ಫ್ರಾನ್ಸಿಸರು ಆ ದಿನ ಎತ್ತು ಕತ್ತೆಗಳಿಗೆ ಎಂದಿಗಿಂತ ಹೆಚ್ಚು ಮೇವು ಹಾಕಬೇಕೆಂದು ಬಯಸಿದವರು. 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿಯನ್ನು ಏರ್ಪಡಿಸಿ ಜೀವಂತ ಎತ್ತನ್ನು ತಂದು ನಿಲ್ಲಿಸಿದವರು. ನಮ್ಮ ದೇವಾಲಯದ ಗೋದಲಿಯಲ್ಲಿಯೂ ಮಣ್ಣಿನ ಎತ್ತು ಬಾಲಯೇಸುವಿಗೆ ಉಸಿರಿನ ಬಿಸುಪು ಕೊಡುತ್ತಾ ಮಲಗಿರುತ್ತದೆ. ಮನೆಗೆ ಹೋದರೆ ತಟ್ಟೆಯಲ್ಲಿ ಮತ್ತೊಂದು. ಜ್ಞಾನೋಪದೇಶದ ತರಗತಿಯ ಮಕ್ಕಳು ಇದನ್ನು ಕಂಡುಹಿಡಿದು ಕೇಳಿದಾಗ ಉಪದೇಶಿಗಳು ತಡವರಿಸಿದ್ದನ್ನು ನಾವು ನೋಡಿದ್ದೇವೆ. ನಮ್ಮ ರೈತ ಕುಟುಂಬಗಳಿಗೆ ಈ ತೊಡಕು ಹೊಸದೇನಲ್ಲ. ಸಂಕ್ರಾಂತಿಯ ದಿನ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಊರವರೊಡನೆ ಕಿಚ್ಚು ಹಾಯಿಸುವವರಲ್ಲಿ ಕ್ರೈಸ್ತರೂ ಇದ್ದಾರೆ. ತಾನು ಉತ್ತ ಎತ್ತನ್ನು ತಾನು ತಿನ್ನುವವನನ್ನು ನಾವು ಕಂಡಿಲ್ಲ.

ನೆರೆಹೊರೆಯ ವಿಷಯಕ್ಕೆ ಬರೋಣ. ಹಬ್ಬದ ದಿನ ಹಿಂದೂ ನೆರೆಯವರ ಮನೆಗೆ ಹೋಗುತ್ತಿದ್ದುದು ಕಜ್ಜಾಯ, ಚಕ್ಕುಲಿ, ಕಲ್ಕಲ್ಲುಗಳ ತಟ್ಟೆ. ನಮ್ಮ ಒಲೆಯಲ್ಲಿ ಬೆಂದದ್ದನ್ನು ಒಲ್ಲದ ಮಡಿವಂತರಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ಎಲೆ ಅಡಿಕೆಗಳನ್ನು ಮರದಲ್ಲಿಟ್ಟು ಕೊಡುವರು. ಸ್ವೀಕರಿಸಿದವರು ಯುಗಾದಿಗೆ ಹೋಳಿಗೆಯನ್ನು ಕಳುಹಿಸುವರು. ರೋಸ್ಟಿನ ಪಾತ್ರೆ ಮಾತ್ರ ಹಿತ್ತಿಲ ಒಲೆಯ ಮೇಲೆ, ಬೀದಿಗೆ ಗಾಳಿ ಬೀಸದ ಮಗ್ಗುಲಲ್ಲಿ. ಹಾಗೆಂದು ಕೇರಿಯ ಗೆಳೆಯರು ಇರುಳಿನಲ್ಲಿ ಹಿತ್ತಿಲ ಬಾಗಿಲಿಗೆ ಬಂದು ಒಂದು ತುಂಡನ್ನು ಕೇಳಿ ತಿಂದದ್ದಿಲ್ಲವೆಂದಲ್ಲ; ಅವರ ಜಾತಿಯನ್ನು ಬರೆಯಲು ಇದು ಸ್ಥಳವಲ್ಲ. ಶಿಡ್ಲಘಟ್ಟದಲ್ಲಿಯೂ ಚಿಂತಾಮಣಿಯಲ್ಲಿಯೂ ಮಾಂಸವನ್ನು ಕೊಡುತ್ತಿದ್ದವರು ಮುಸಲ್ಮಾನ ಕಸಾಯಿಗಳು. ಬಕ್ರೀದಿಗೆ ಅವರ ಮನೆಯಿಂದ ಹಸಿಮಾಂಸದ ಪಾಲು ಬರುತ್ತಿತ್ತು, ಕ್ರಿಸ್ತಜಯಂತಿಗೆ ನಮ್ಮ ಮನೆಯಿಂದ ಕೇಕು ಹೋಗುತ್ತಿತ್ತು. ರೇಷ್ಮೆಗೂಡಿನ ವ್ಯಾಪಾರದಲ್ಲಿ ಚೌಕಾಸಿ ಮಾಡಿ ಜಗಳವಾಡಿದವರೂ ಈ ಲೇವಾದೇವಿಯಲ್ಲಿ ಜಗಳವಾಡಲಿಲ್ಲ.

ಆದರೂ ನಮ್ಮ ಸಭೆಯೊಳಗೇ ಈ ಮಾಂಸದ ಹೆಸರಿನಲ್ಲಿ ಒಂದು ಗೀಟು ಇತ್ತು ಎಂಬುದನ್ನು ಹೇಳದಿದ್ದರೆ ಚರಿತ್ರೆಗೆ ಅಪಚಾರವಾಗುತ್ತದೆ. ದಂಡಿನ ಮನೆಗಳಿಂದ ಬಂದವರು ತಟ್ಟೆ, ಚಾಕು, ಮುಳ್ಳುಚಮಚಗಳಲ್ಲಿ ತಿಂದರೆ ಅದು ರೋಸ್ಟು, ನಾಗರಿಕತೆಯ ಗುರುತು. ಅದೇ ಪ್ರಾಣಿಯ ಅದೇ ಮಾಂಸವನ್ನು ಕೇರಿಯವರು ಕೊರಬಾಡು ಮಾಡಿ ತಿಂದರೆ ಅದು ಹೊಲೆ. ಒಂದೇ ಪೀಠದಿಂದ ಒಂದೇ ರೊಟ್ಟಿಯನ್ನು ಸ್ವೀಕರಿಸಿ ಹೊರಬಂದವರು ಹೀಗೆ ಯೋಚಿಸುತ್ತಿದ್ದರು. ಮೇಲ್ಜಾತಿಗಳಿಂದ ಬಂದ ಕೆಲವು ಕ್ರೈಸ್ತ ಮನೆತನಗಳು ಇಂದಿಗೂ ದೊಡ್ಡದನ್ನು ಮುಟ್ಟುವುದಿಲ್ಲ. ಅದು ಅವರ ರೂಢಿ, ನಮ್ಮ ಆಕ್ಷೇಪವಿಲ್ಲ. ಮುಟ್ಟುವವರೊಡನೆ ಪಂಕ್ತಿಯಲ್ಲಿ ಕೂರಲು ಹಿಂದೆಗೆದರೆ ಮಾತ್ರ ಆಕ್ಷೇಪವಿದೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಎಂಟನೆಯ ಅಧ್ಯಾಯವನ್ನು ಎರಡೂ ಪಕ್ಷದವರು ಓದುವುದು ಒಳಿತು. ಆಹಾರವು ದೇವರ ಮುಂದೆ ನಮ್ಮನ್ನು ಹೆಚ್ಚಿಸದು, ತಗ್ಗಿಸದು. ಆದರೆ ಸಹೋದರನ ಮನಸ್ಸಿಗೆ ಅಡ್ಡಿಯಾಗುವುದಾದರೆ ತಾವು ಮಾಂಸವನ್ನೇ ಬಿಡಲು ಸಿದ್ಧ ಎಂಬ ಅರ್ಥದ ಮಾತುಗಳು ಅಲ್ಲಿವೆ. ಮೊದಲ ಅರ್ಧವನ್ನು ತಿನ್ನುವವರೂ ಕಡೆಯ ಅರ್ಧವನ್ನು ತಿನ್ನದವರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದೇ ತೊಂದರೆ.

ಗೋರಕ್ಷಣೆಯ ವಿಚಾರಕ್ಕೂ ನಮ್ಮ ಬೆಟ್ಟಕ್ಕೂ ಒಂದು ಸಂಬಂಧವಿದೆ. 1927ರ ಬೇಸಿಗೆಯಲ್ಲಿ ಮಹಾತ್ಮ ಗಾಂಧಿಯವರು ಅಸ್ವಸ್ಥರಾಗಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದರು. ಅಲ್ಲಿಂದ ಬೆಂಗಳೂರಿಗೆ ಇಳಿದವರು ಸರ್ಕಾರದ ಡೈರಿ ಸಂಸ್ಥೆಗೆ ವಿದ್ಯಾರ್ಥಿಯಂತೆ ಹೋಗಿ ದನಗಳ ಸಾಕಣೆಯನ್ನು ಅಭ್ಯಾಸ ಮಾಡಿದರು. ಗೋವನ್ನು ತಾಯಿಯೆಂದು ಪೂಜಿಸಿದ ಅವರು, ಕೊಲ್ಲುವವನ ಕೈಯನ್ನು ಕಾನೂನಿನಿಂದ ಕಟ್ಟುವುದಕ್ಕಿಂತ ಸಾಕುವವನ ಕೈಯನ್ನು ಬಲಪಡಿಸಬೇಕೆಂಬ ಕಡೆಗೆ ಒಲಿದಿದ್ದರು. ಈ ದೇಶದಲ್ಲಿ ಹಿಂದೂಗಳು ಮಾತ್ರವೇ ಇಲ್ಲವಾದ್ದರಿಂದ ಇಂತಹ ನಿಷೇಧವನ್ನು ಎಲ್ಲರ ಮೇಲೆ ಹೇರಲಾಗದೆಂದು 1947ರ ಜುಲೈ ತಿಂಗಳಲ್ಲಿ ತಮ್ಮ ಪ್ರಾರ್ಥನಾ ಸಭೆಯಲ್ಲಿ ಬಿಡಿಸಿ ಹೇಳಿದರು.

ಸಂವಿಧಾನದ 48ನೆಯ ವಿಧಿ ಗೋವು, ಕರು ಹಾಗೂ ಹಾಲು ಕೊಡುವ, ಭಾರ ಎಳೆಯುವ ಜಾನುವಾರುಗಳ ವಧೆಯನ್ನು ತಡೆಯಲು ರಾಜ್ಯಗಳಿಗೆ ನಿರ್ದೇಶನ ನೀಡಿತು. ನಮ್ಮ ರಾಜ್ಯದಲ್ಲಿ 1964ರ ಕಾನೂನು ಹಸು, ಕರುಗಳನ್ನೂ ಎಮ್ಮೆಯ ಕರುವನ್ನೂ ಕೊಲ್ಲಕೂಡದೆಂದಿತು. 12 ವರ್ಷ ಮೀರಿದ ಅಥವಾ ದುಡಿಮೆಗೆ ಒದಗದ ಎತ್ತು ಎಮ್ಮೆಗಳಿಗೆ ಪ್ರಮಾಣಪತ್ರ ಪಡೆದು ಅವಕಾಶವಿತ್ತು. ನಾವು ಮೇಲೆ ವರ್ಣಿಸಿದ ರೋಸ್ಟು ಐವತ್ತಕ್ಕೂ ಹೆಚ್ಚು ವರ್ಷ ಈ ಕಾನೂನಿನ ಒಳಗೇ ಬೆಂದಿತು. 2020ರ ಡಿಸೆಂಬರಿನಲ್ಲಿ ವಿಧಾನಸಭೆಯು ಅಂಗೀಕರಿಸಿ 2021ರಲ್ಲಿ ಜಾರಿಗೆ ಬಂದ ಕಾನೂನು ಎತ್ತು ಹೋರಿಗಳನ್ನೂ ವಯಸ್ಸಿನ ಭೇದವಿಲ್ಲದೆ ಸೇರಿಸಿತು. 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ ಬಿಟ್ಟಿತು. ತಪ್ಪಿದರೆ ಮೂರರಿಂದ ಏಳು ವರ್ಷ ಸೆರೆವಾಸ, ಐವತ್ತು ಸಾವಿರದಿಂದ ಐದು ಲಕ್ಷ ರೂಪಾಯಿಗಳವರೆಗೆ ದಂಡ. ದೇಶದ ಕಾನೂನನ್ನು ಪಾಲಿಸುವುದು ಕ್ರೈಸ್ತನ ಕರ್ತವ್ಯವೆಂದು ನಾವು ಪೀಠದಿಂದ ಹೇಳುತ್ತೇವೆ, ಇಲ್ಲಿಯೂ ಹೇಳುತ್ತೇವೆ. ಆದರೆ ಕೋಳಿ ಕುರಿಗಳ ಬೆಲೆ ತೆರಲಾರದ ಬಡವನ ಹಬ್ಬದ ಮಾಂಸ ಇದಾಗಿತ್ತು, ಉಳುಮೆಗೆ ಬಾರದ ಮುದಿ ಎತ್ತನ್ನು ಮಾರಿ ಎಳೆಯದನ್ನು ಕೊಳ್ಳುತ್ತಿದ್ದ ರೈತನ ಲೆಕ್ಕವೂ ಇದರೊಡನೆ ಹೆಣೆದುಕೊಂಡಿತ್ತು ಎಂಬುದನ್ನು ದಾಖಲಿಸದೆ ಬಿಡಲಾರೆವು. ಗೌರಿಬಿದನೂರಿನ ಕಡೆಯ ರೈತರು ನಮ್ಮೊಡನೆ ಮಾತನಾಡುವಾಗ ಮಾಂಸದ ವಿಷಯವನ್ನು ಎತ್ತುವುದಿಲ್ಲ. ಮುದಿ ಎತ್ತಿಗೆ ಹಾಕಬೇಕಾದ ಮೇವಿನ ವಿಷಯವನ್ನೇ ಎತ್ತುತ್ತಾರೆ.

ಹೀಗಾಗಿ ಕಳೆದ ಕೆಲವು ಹಬ್ಬಗಳಿಂದ ನಮ್ಮ ಮನೆಗಳ ಪಾತ್ರೆಯೊಳಗಿನ ವಸ್ತು ಬದಲಾಗಿದೆ. ಅನುಕೂಲವಂತರು ಕುರಿಯ ಹಿಂದೊಡೆಯನ್ನು ಇಡಿಯಾಗಿ ತರುತ್ತಾರೆ. ಮಂಗಳೂರಿನ ನಂಟಿರುವವರು ಹಂದಿಯನ್ನು. ಉಳಿದವರು ಇಡೀ ಕೋಳಿಯನ್ನು. ಸರಿಯಾದ ಕಾಗದಪತ್ರಗಳಿರುವ ಅಂಗಡಿಯಿಂದ ಎಮ್ಮೆಯ ಮಾಂಸ ಸಿಕ್ಕರೆ ತರುವವರೂ ಇದ್ದಾರೆ, ಸಿಗುವುದು ಅಪರೂಪ. ಚುಚ್ಚುವುದು, ಉಪ್ಪು ಮೆಣಸು ತಿಕ್ಕುವುದು, ಹುರಿಯಿಂದ ಕಟ್ಟುವುದು, ಕೆಂಪಗೆ ಹುರಿದು ನಿಧಾನವಾಗಿ ಬೇಯಿಸುವುದು ಎಲ್ಲವೂ ಹಾಗೆಯೇ ಇವೆ. ಕುರಿಯ ತೊಡೆಗೆ ಎರಡು ಗಂಟೆ ಸಾಕು. ಕೋಳಿಯನ್ನು ಅಷ್ಟು ಹೊತ್ತು ಇಟ್ಟರೆ ಎಲುಬಷ್ಟೇ ಉಳಿದೀತು. ಮೊದಮೊದಲು ಕೆಲವು ಮನೆಗಳಲ್ಲಿ ಹಾಗೆ ಆದದ್ದೂ ಉಂಟು. ಆಲೂಗಡ್ಡೆಗಳು ಮಾತ್ರ ಬದಲಾಗಿಲ್ಲ.

ಬದಲಾಗದ ಇನ್ನೊಂದು ಸಂಗತಿ ಮರುದಿನದ್ದು. ಡಿಸೆಂಬರ್ 26, ಸಂತ ಸ್ತೇಫನರ ಹಬ್ಬ. ದಂಡಿನವರ ಮನೆಗಳಲ್ಲಿ ಉಳಿದ ರೋಸ್ಟನ್ನು ತೆಳ್ಳಗೆ ಹೆಚ್ಚಿ, ಈರುಳ್ಳಿ ಹಸಿಮೆಣಸಿನಕಾಯಿಗಳೊಡನೆ ಹುರಿದು ‘ಜಾಲ್‌ಫ್ರೇಜಿ’ ಮಾಡುವರು. ಪುಡಿಯಾದದ್ದನ್ನು ಆಲೂಗಡ್ಡೆಯೊಡನೆ ಕಲಸಿ ಕಟ್ಲೆಟ್ ತಟ್ಟುವರು. ನಮ್ಮ ಹಳ್ಳಿಗಳಲ್ಲಿ ಅಷ್ಟೆಲ್ಲ ಇಲ್ಲ. ಪಾತ್ರೆಯ ತಳದಲ್ಲಿ ಹೆಪ್ಪುಗಟ್ಟಿದ ಕಂದುಬಣ್ಣದ ರಸಕ್ಕೆ ಒಂದು ಚೊಂಬು ನೀರು ಹುಯ್ದು, ಚೂರು ಹುಣಸೆಹುಳಿ ಹಿಂಡಿ, ಕುದಿಸಿ ಇಳಿಸುವರು. ಅದಕ್ಕೆ ಬಿಸಿ ರಾಗಿಮುದ್ದೆ. ಹಬ್ಬದ ದಿನ ನೆಂಟರ ಮುಂದೆ ತಟ್ಟೆ ಚಮಚಗಳೊಡನೆ ಹೆಣಗಿದ ಮನೆಯ ಯಜಮಾನನು ಮರುದಿನ ಹಿತ್ತಿಲ ಜಗಲಿಯ ಮೇಲೆ ಕುಳಿತು ಈ ಸಾರಿಗೆ ಮುದ್ದೆ ಮುರಿಯುತ್ತಾನೆ. ಮನೆಮನೆಯ ಆಶೀರ್ವಾದಕ್ಕೆಂದು ಆ ಹೊತ್ತಿಗೆ ಹೋದ ಗುರುಗಳಿಗೂ ಒಂದು ಮುದ್ದೆ ಇರುತ್ತದೆ.